ಸಂತ ಜೋಸೆಫ್ ವಾಜ್: ಮುಚ್ಚಿದ ಬಾಗಿಲ ಮುಂದೆ ಅಚಲ ಭರವಸೆ

ಮಂಗಳೂರಿನಿಂದ ಉಡುಪಿಯತ್ತ ಹೊರಟವರು ಕೂಳೂರಿನ ಸೇತುವೆಯ ಮೇಲೆ ಫಲ್ಗುಣಿ ನದಿಯನ್ನು ಕ್ಷಣಮಾತ್ರದಲ್ಲಿ ದಾಟುತ್ತಾರೆ. ಸುಮಾರು 340 ವರ್ಷಗಳ ಹಿಂದೆ ಈ ಕರಾವಳಿಯ ಕ್ರೈಸ್ತರನ್ನು ಅರಸುತ್ತಾ ಊರೂರು ಅಲೆದ ಧರ್ಮಗುರುವಿಗೆ ಈ ಸೌಕರ್ಯವಿರಲಿಲ್ಲ. ಹೊಳೆಗಳಿಗೆ ದೋಣಿ, ಉಳಿದ ದಾರಿಗೆ ಬರಿಗಾಲ ನಡಿಗೆ. ಅವರೇ ಸಂತ ಜೋಸೆಫ್ ವಾಜ್. ಆದರೆ ಅವರ ಬಾಳಿನಲ್ಲಿ ಹೊಳೆಗಳಿಗಿಂತ ದೊಡ್ಡ ತಡೆಗಳು ಕಾದಿದ್ದವು.

ಗೋವೆಯ ಬೆನೌಲಿಂ ಗ್ರಾಮದಲ್ಲಿ 1651ರ ಏಪ್ರಿಲ್ 21ರಂದು ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಅವರ ಮನಸ್ಸೆಲ್ಲ ಸಿಂಹಳ ದ್ವೀಪದ ಮೇಲಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಗೆದ್ದು ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವನ್ನೇ ನಿಷೇಧಿಸಿದ್ದರು. ವಿಶ್ವಾಸಿಗಳಿಗೆ ಸಂಸ್ಕಾರಗಳಿರಲಿಲ್ಲ, ಗುರುಗಳಿಗೆ ಆಶ್ರಯ ನೀಡಿದವರಿಗೆ ಘೋರ ಶಿಕ್ಷೆ. ಅಲ್ಲಿಗೆ ಹೋಗಲು ಜೋಸೆಫ್ ಅನುಮತಿ ಬೇಡಿದರು. ದೊರೆತದ್ದು ಬೇರೆಯೇ ಆಜ್ಞೆ: 1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು.

ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ನಮ್ಮ ನಾಡಿನಲ್ಲಿ ಆಗ ಗುರುಗಳ ಕೊರತೆ ತೀವ್ರವಾಗಿತ್ತು. ಸಾಲದ್ದಕ್ಕೆ, ಧಾರ್ಮಿಕ ಅಧಿಕಾರ ಯಾರದೆಂಬ ವಿವಾದದಿಂದ ವಿಶ್ವಾಸಿಗಳು ಎರಡು ಪಾಲಾಗಿದ್ದರು. ತಾವು ಬಯಸದೆ ಬಂದ ಈ ಹೊಲದಲ್ಲಿಯೂ ಜೋಸೆಫ್ ಮೂರು ವರ್ಷ ಮನಸಾರೆ ದುಡಿದರು. ಮುಡಿಪುವಿನ ಗುಡ್ಡದಲ್ಲಿರುವ ಪುಣ್ಯಕ್ಷೇತ್ರ ಇಂದಿಗೂ ಅವರ ಸ್ಮರಣೆಯನ್ನು ಉಳಿಸಿಕೊಂಡಿದೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಸ್ಥಳೀಯ ಗುರುಗಳ ಒರೆಟರಿ ಸಂಘವನ್ನು ಸೇರಿದರು. 1686ರಲ್ಲಿ ಸಿಂಹಳದತ್ತ ಹೊರಟು, ಸೇವಕ ಜಾನ್ ಎಂಬಾತನೊಡನೆ ಬಡ ಕೂಲಿಯಾಳಿನ ವೇಷದಲ್ಲಿ 1687ರಲ್ಲಿ ಜಾಫ್ನಾ ತಲುಪಿದರು. ಕಾಲಿಟ್ಟೊಡನೆ ಆಮಶಂಕೆ ಅವರನ್ನು ಸಾವಿನಂಚಿಗೆ ಒಯ್ದಿತು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಕಣ್ಣರಳಿಸಿದವರನ್ನು ಗುರುತಿಸಿ, ರಾತ್ರಿಯ ಹೊತ್ತಿನಲ್ಲಿ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. ಸುಮಾರು ಒಂಬತ್ತು ವರ್ಷ ಆ ದ್ವೀಪಕ್ಕೆಲ್ಲ ಅವರೊಬ್ಬರೇ ಗುರು.

1692ರಲ್ಲಿ ಡಚ್ಚರ ಹಿಡಿತಕ್ಕೆ ಸಿಗದಿದ್ದ ಕ್ಯಾಂಡಿ ರಾಜ್ಯಕ್ಕೆ ಹೋದಾಗ, ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅವರನ್ನು ಸೆರೆಯಲ್ಲಿಡಲಾಯಿತು. ಬಿಡುಗಡೆಗಾಗಿ ಕೈಕಟ್ಟಿ ಕಾಯುತ್ತಾ ಕುಳಿತುಕೊಳ್ಳದೆ ಅಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು. ಆವರಣದಲ್ಲಿ ಪುಟ್ಟ ಗುಡಿಸಲಿನಂಥ ಪೂಜಾಸ್ಥಳವನ್ನು ಕಟ್ಟಿದರು. ಸೆರೆಮನೆಯೇ ಇಗರ್ಜಿಯಾಯಿತು. ಕ್ರಮೇಣ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯನ ಸಂಶಯ ಕರಗಿ, ಅವರಿಗೆ ಸಂಚಾರ ಸ್ವಾತಂತ್ರ್ಯ ದೊರೆಯಿತು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದು ಪರಂಪರೆ ಹೇಳುತ್ತದೆ. 1697ರಲ್ಲಿ ಸಿಡುಬು ಹರಡಿ ಮನೆಯವರೇ ರೋಗಿಗಳನ್ನು ತೊರೆದು ಓಡಿದಾಗ, ಜಾತಿಮತವೆಣಿಸದೆ ಅವರ ಶುಶ್ರೂಷೆ ಮಾಡಿದವರು ಇದೇ ಪರದೇಶಿ ಗುರು.

ಅಷ್ಟರಲ್ಲಿ ಗೋವೆಯಿಂದ ಬೇರೆ ಗುರುಗಳು ನೆರವಿಗೆ ಬಂದಿದ್ದರು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನು ರಚಿಸಿದರು. ಬಿಷಪ್ ಪದವಿ ಅರಸಿ ಬಂದರೂ ಒಪ್ಪದ ಜೋಸೆಫ್ ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕೊನೆಯುಸಿರೆಳೆದರು. 1995ರಲ್ಲಿ ಪೋಪ್ ಎರಡನೇ ಜಾನ್ ಪಾವ್ಲ್ ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಕಣ್ಮುಚ್ಚುವಾಗಲೂ ಡಚ್ಚರ ನಿಷೇಧ ತೆರವಾಗಿರಲಿಲ್ಲ. ತಡೆ ಇದ್ದಲ್ಲಿಯೇ ಇತ್ತು. ಆದರೂ ಧರ್ಮಸಭೆ ಚಿಗುರಿತ್ತು. ಬೆಟ್ಟದಂಥ ಕಷ್ಟ ಎದುರಾದಾಗ ಅದು ಕರಗಿದರೆ ಮಾತ್ರ ದೇವರು ಮೊರೆ ಕೇಳಿದನೆಂದು ನಾವು ಭಾವಿಸುತ್ತೇವೆ. ವಾಸಿಯಾಗದ ಕಾಯಿಲೆ, ತೀರದ ಸಾಲ, ಒಡೆದ ಸಂಸಾರದ ನಡುವೆ ಪ್ರಾರ್ಥಿಸಿ ಬಳಲಿದವರಿಗೆ ಈ ಸಂತರ ಬಾಳು ಬೇರೊಂದು ದಾರಿಯನ್ನು ತೋರಿಸುತ್ತದೆ. ಬಾಗಿಲು ತೆರೆಯುವ ದಿನವನ್ನು ಪ್ರಭುವಿಗೆ ಒಪ್ಪಿಸಿ, ಇಂದು ಕೈಗೆಟಕುವ ಕರ್ತವ್ಯವನ್ನು ಪ್ರೀತಿಯಿಂದ ನೆರವೇರಿಸುವುದೇ ನಿಜವಾದ ಭರವಸೆ. ಆ ಕರ್ತವ್ಯವನ್ನು ಸೆರೆಮನೆಯೊಳಗೂ ಆರಂಭಿಸಬಹುದು.