ದಾಖಲೆಯ ಎರಡನೆಯ ಪುಟ



ನಂದಿಬೆಟ್ಟ ಹತ್ತಿದವರೆಲ್ಲ ಅಲ್ಲಿನ ಕೋಟೆಯನ್ನು ಕಂಡಿದ್ದೀರಿ. ಇಂಗ್ಲಿಷರು ಅದನ್ನು ಟಿಪ್ಪುವಿನಿಂದ ಗೆದ್ದದ್ದು 1791ರ ಅಕ್ಟೋಬರಿನಲ್ಲಿ. ಅದೇ ಯುದ್ಧದಲ್ಲಿ, 1792ರಲ್ಲಿ, ಮುಂಬಯಿ ಸೇನೆಯೊಡನೆ ಶ್ರೀರಂಗಪಟ್ಟಣಕ್ಕೆ ಬಂದ ಅಧಿಕಾರಿಗಳಲ್ಲಿ ಲಾಕ್ಲನ್ ಮೆಕ್ವಾರಿ ಒಬ್ಬನು. 1799ರ ಮುತ್ತಿಗೆಯಲ್ಲೂ ಅವನಿದ್ದನು.

1762ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಈತ 1810ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಗವರ್ನರನಾದನು. ಬ್ರಿಟನ್ ತನ್ನ ಕೈದಿಗಳನ್ನು 1788ರಿಂದ ಗಡೀಪಾರು ಮಾಡುತ್ತಿದ್ದ ನಾಡು ಅದು. ಬಂದ ಕೈದಿಗಳ ಹೆಸರು, ವಿಚಾರಣೆ ನಡೆದ ಊರು, ಶಿಕ್ಷೆಯ ಅವಧಿ ಎಲ್ಲವೂ ಹಡಗಿನ ಪಟ್ಟಿಯಲ್ಲಿ ಬರೆದಿರುತ್ತಿತ್ತು. ಆ ಕಡತಗಳು ಇಂದಿಗೂ ಉಳಿದಿವೆ. 2007ರಲ್ಲಿ ಯುನೆಸ್ಕೊ ಅವನ್ನು ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ತಮ್ಮ ಪೂರ್ವಿಕರನ್ನು ಹುಡುಕುವವರು ಅಲ್ಲಿಂದಲೇ ಆರಂಭಿಸುತ್ತಾರೆ.

ಆದರೆ ಹುಡುಕಾಟ ಮೊದಲ ಪುಟಕ್ಕೇ ನಿಲ್ಲಬಾರದು. ಫ್ರಾನ್ಸಿಸ್ ಗ್ರೀನ್‌ವೇ ಎಂಬಾತ ಸುಳ್ಳು ದಸ್ತಾವೇಜು ಸೃಷ್ಟಿಸಿ ಮರಣದಂಡನೆಗೆ ಗುರಿಯಾಗಿ, ಅದು 14 ವರ್ಷದ ಗಡೀಪಾರಿಗೆ ಇಳಿದು, 1814ರಲ್ಲಿ ಸಿಡ್ನಿಗೆ ಬಂದವನು. ಮೆಕ್ವಾರಿ 1816ರಲ್ಲಿ ಅವನನ್ನೇ ಸರ್ಕಾರಿ ಕಟ್ಟಡಗಳ ಶಿಲ್ಪಿಯನ್ನಾಗಿ ನೇಮಿಸಿದನು. ಶಿಕ್ಷೆ ತೀರಿದವನು ಎಲ್ಲರಂತೆ ಪ್ರಜೆ ಎಂಬುದು ಅವನ ನಂಬಿಕೆ. ಅಂಥವರನ್ನು ತನ್ನ ಊಟದ ಮೇಜಿಗೂ ಕರೆದನು. ದೊಡ್ಡವರೆನಿಸಿಕೊಂಡವರಿಗೆ ಅದು ಸಹಿಸಲಿಲ್ಲ. ಲಂಡನ್ನಿಗೆ ದೂರು ಹೋಯಿತು, ವಿಚಾರಣೆ ನಡೆಯಿತು.

ಅವನನ್ನು ಸಂತನೆಂದು ತಿಳಿಯಬೇಡಿ. ಐರಿಷ್ ಕಥೋಲಿಕ ಕೈದಿಗಳು ಗುರುಗಳಿಗಾಗಿ ಹಂಬಲಿಸುತ್ತಿದ್ದಾಗ, ಅನುಮತಿಯಿಲ್ಲದೆ ಬಂದ ವಂದನೀಯ ಓಫ್ಲಿನ್ ಅವರನ್ನು 1818ರಲ್ಲಿ ಹಿಂದಕ್ಕೆ ಅಟ್ಟಿದವನು ಅವನೇ. 1816ರಲ್ಲಿ ಅವನು ಕಳಿಸಿದ ಸೈನಿಕರು ಆ್ಯಪಿನ್‌ನಲ್ಲಿ ಕನಿಷ್ಠ 14 ಮಂದಿ ಮೂಲನಿವಾಸಿಗಳನ್ನು ಕೊಂದರು. ಅದೂ ದಾಖಲೆಯಲ್ಲಿದೆ, ಅದನ್ನು ಅಳಿಸುವ ಹಕ್ಕು ನಮಗಿಲ್ಲ.

1820ರಲ್ಲಿ ಸರ್ಕಾರದ ಒಪ್ಪಿಗೆಯಿಂದ ಇಬ್ಬರು ಗುರುಗಳು ಬಂದರು. ಮರುವರ್ಷ ಅಕ್ಟೋಬರ್ 29ರಂದು ಅವರಲ್ಲೊಬ್ಬರಾದ ವಂದನೀಯ ಥೆರಿಯವರು ಕಟ್ಟಿಸತೊಡಗಿದ ಸಂತ ಮರಿಯಮ್ಮನವರ ದೇವಾಲಯಕ್ಕೆ ಅಡಿಗಲ್ಲಿಟ್ಟದ್ದು ಪ್ರೊಟೆಸ್ಟೆಂಟನಾದ ಈ ಗವರ್ನರನೇ. 1824ರಲ್ಲಿ ಅವನು ಲಂಡನ್ನಿನಲ್ಲಿ ತೀರಿಕೊಂಡನು. ಗ್ರೀನ್‌ವೇಯ ಮುಖ 1966ರಲ್ಲಿ ಆ ದೇಶದ ಹತ್ತು ಡಾಲರ್ ನೋಟಿನ ಮೇಲೆ ಮೂಡಿತು. ದಸ್ತಾವೇಜು ತಿದ್ದಿದವನ ಮುಖ ನೋಟಿನ ಮೇಲೆ!

ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಗೌರಿಬಿದನೂರಿನಲ್ಲೋ ಜೈಲಿನಿಂದ ಮರಳಿದ ಹುಡುಗನೊಬ್ಬ ನಿಮ್ಮ ಬೀದಿಯಲ್ಲೇ ಇರಬಹುದು. ಅವನ ಮೊದಲ ಪುಟ ಊರಿಗೆಲ್ಲ ಬಾಯಿಪಾಠ. ಎರಡನೆಯದನ್ನು ಬರೆಯಲು ಅವನಿಗೊಂದು ಕೆಲಸ ಬೇಕು, ಕುಳಿತು ಉಣ್ಣಲು ಒಂದು ಮನೆ ಬೇಕು. ಮುಂದಿನ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಅವನಿಗೊಂದು ಎಲೆ ಹಾಕುತ್ತೀರಾ?