ಮೂಗಿನ ಮೇಲೆ ಕೊಂಬಿಟ್ಟ ಶಿಲ್ಪಿ

ಡೈನೋಸಾರ್ ಎಂದರೆ ನಮಗೆ ಸಿನಿಮಾ ನೆನಪಾಗುತ್ತದೆ. ಆದರೆ 1850ರ ಸುಮಾರಿಗೆ ಅದು ನೋಡಲು ಹೇಗಿತ್ತೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ವಿಜ್ಞಾನಿಗಳ ಕೈಯಲ್ಲಿದ್ದದ್ದು ಕೆಲವು ಹಲ್ಲುಗಳು, ಮುರುಕು ಮೂಳೆಗಳು ಮಾತ್ರ. ಅಷ್ಟರಿಂದಲೇ ಆ ಪ್ರಾಣಿಗಳನ್ನು ಪೂರ್ಣ ಗಾತ್ರದಲ್ಲಿ ಜನರ ಮುಂದೆ ನಿಲ್ಲಿಸಿದವರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್.

ಹಾಕಿನ್ಸ್ ಹುಟ್ಟಿದ್ದು 1807ರಲ್ಲಿ, ಲಂಡನ್ನಿನಲ್ಲಿ. ಶಿಲ್ಪಕಲೆ ಕಲಿತ ಅವರು ಪ್ರಾಣಿಗಳ ಚಿತ್ರ ಬರೆಯುವುದರಲ್ಲೂ ಹೆಸರಾದರು. ಡಾರ್ವಿನ್ನರ ಬೀಗಲ್ ಯಾನದಲ್ಲಿ ಸಂಗ್ರಹವಾದ ಮೀನು ಮತ್ತು ಸರೀಸೃಪಗಳ ಚಿತ್ರಗಳನ್ನು ಬರೆದವರೂ ಅವರೇ.

1852ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನಕ್ಕೆ ಪ್ರಾಚೀನ ಪ್ರಾಣಿಗಳ ಪ್ರತಿಮೆ ಮಾಡುವ ಕೆಲಸ ಅವರಿಗೆ ಸಿಕ್ಕಿತು. ವಿಜ್ಞಾನಿ ರಿಚರ್ಡ್ ಓವನ್ ಸಲಹೆಗಾರರಾಗಿದ್ದರು. ಇಗ್ವಾನೊಡಾನ್ ಎಂಬ ಒಂದೇ ಡೈನೋಸಾರ್‌ಗೆ 600 ಇಟ್ಟಿಗೆ, 38 ಪೀಪಾಯಿ ಸಿಮೆಂಟ್ ಬೇಕಾಯಿತು. 1853ರ ಡಿಸೆಂಬರ್ 31ರಂದು ಅದರ ಅಚ್ಚಿನೊಳಗೇ ಮೇಜು ಹಾಕಿಸಿ, ವಿಜ್ಞಾನಿಗಳಿಗೆ ಔತಣ ನೀಡಿದರು. 1854ರಲ್ಲಿ ಉದ್ಯಾನ ತೆರೆದಾಗ ಜನ ಮುಗಿಬಿದ್ದು ನೋಡಿದರು.

1868ರಲ್ಲಿ ಅಮೆರಿಕಕ್ಕೆ ಹೋದ ಹಾಕಿನ್ಸ್, ಫಿಲಡೆಲ್ಫಿಯಾದಲ್ಲಿ ಡೈನೋಸಾರ್ ಅಸ್ಥಿಪಂಜರವೊಂದನ್ನು ಜೋಡಿಸಿ ನಿಲ್ಲಿಸಿದರು. ಜಗತ್ತಿನಲ್ಲೇ ಅದು ಮೊದಲನೆಯದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೂ ಪ್ರತಿಮೆಗಳನ್ನು ತಯಾರಿಸತೊಡಗಿದರು. ಆದರೆ ಅಧಿಕಾರ ಕೈಬದಲಾದಾಗ ಯೋಜನೆ ರದ್ದಾಯಿತು. 1871ರಲ್ಲಿ ಅವರ ಪ್ರತಿಮೆಗಳನ್ನೂ ಅಚ್ಚುಗಳನ್ನೂ ಸುತ್ತಿಗೆಯಿಂದ ಒಡೆದು ಹಾಕಲಾಯಿತು. ಎರಡು ವರ್ಷಗಳ ಶ್ರಮ ಮಣ್ಣುಪಾಲಾಯಿತು. ಹಾಕಿನ್ಸ್ ಕೈಕಟ್ಟಿ ಕೂರಲಿಲ್ಲ. ಪ್ರಿನ್ಸ್‌ಟನ್ನಿನ ಕಾಲೇಜಿಗೆ ಪ್ರಾಚೀನ ಜೀವಿಗಳ ವರ್ಣಚಿತ್ರಗಳನ್ನು ಬರೆದುಕೊಟ್ಟರು. 1894ರಲ್ಲಿ ತೀರಿಕೊಂಡರು.

ಅವರ ಜೀವಿತಕಾಲದಲ್ಲೇ, 1878ರಲ್ಲಿ, ಬೆಲ್ಜಿಯಂನ ಕಲ್ಲಿದ್ದಲು ಗಣಿಯೊಂದರಲ್ಲಿ ಇಗ್ವಾನೊಡಾನ್‌ನ ಇಡೀ ಅಸ್ಥಿಪಂಜರಗಳು ಸಿಕ್ಕವು. ಲಂಡನ್ನಿನ ಪ್ರತಿಮೆಯ ಮೂಗಿನ ಮೇಲಿದ್ದ ಕೊಂಬು ನಿಜವಾಗಿ ಅದರ ಹೆಬ್ಬೆರಳಿನದು ಎಂದು ಆಗ ಗೊತ್ತಾಯಿತು! ಆ ತಪ್ಪು ಹಾಕಿನ್ಸ್ ಒಬ್ಬರದಲ್ಲ; ಆಗಿನ ವಿಜ್ಞಾನಕ್ಕೆ ತಿಳಿದಿದ್ದೇ ಅಷ್ಟು.

ನ್ಯೂಯಾರ್ಕಿನಲ್ಲಿ ಅವರ ಕೆಲಸವನ್ನು ಸುತ್ತಿಗೆ ನಾಶಮಾಡಿತು. ಹೊಸ ಪುರಾವೆ ಮಾತ್ರ ಏನನ್ನೂ ಒಡೆಯದೆ ತಪ್ಪನ್ನು ತಿದ್ದಿತು. ಇಂದು ಆ ಲಂಡನ್ ಪ್ರತಿಮೆಗಳು ಸಂರಕ್ಷಿತ ಸ್ಮಾರಕಗಳು. ಕೊಂಬೂ ಮೂಗಿನ ಮೇಲೆಯೇ ಇದೆ. ಪ್ರಯೋಗಾಲಯದಲ್ಲಿ ಫಲಿತಾಂಶ ತಪ್ಪಾಯಿತೆಂದು ರೆಕಾರ್ಡ್ ಪುಸ್ತಕದ ಹಾಳೆ ಹರಿಯುವ ಮುನ್ನ ಅದನ್ನೊಮ್ಮೆ ನೆನೆಯೋಣ.