ಕಾಲರಾ ಲಸಿಕೆಯ ಹಾಫ್ಕಿನ್

ಬಾಂದ್ರಾದಿಂದ ಮಾಹಿಮ್, ದಾದರ್ ದಾಟಿ ಪರೇಲಿಗೆ ಹೋದವರು ಅಲ್ಲಿ ಹಾಫ್ಕಿನ್ ಸಂಸ್ಥೆಯ ಹಳೆಯ ಕಟ್ಟಡವನ್ನು ಕಾಣಬಹುದು. ಒಂದು ಕಾಲದಲ್ಲಿ ಮುಂಬಯಿಯ ಗವರ್ನರರು ವಾಸಿಸುತ್ತಿದ್ದ ಬಂಗಲೆಯದು. ಆದರೆ ಈಗ ಅದು ಹೊತ್ತಿರುವುದು ಗವರ್ನರರ ಹೆಸರನ್ನಲ್ಲ, ಪರದೇಶದಿಂದ ಬಂದ ಒಬ್ಬ ವಿಜ್ಞಾನಿಯ ಹೆಸರನ್ನು.

ವಾಲ್ಡೆಮಾರ್ ಹಾಫ್ಕಿನ್ ಅವರು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ವಿಶ್ವವಿದ್ಯಾಲಯದಲ್ಲಿ ಅವರಿಗೆ ಪ್ರಾಣಿಶಾಸ್ತ್ರ ಕಲಿಸಿದ ಗುರುಗಳು ಪ್ರಸಿದ್ಧ ಮೆಚ್ನಿಕಾಫ್. ಹುಳಿತ ಹಾಲಿನ ಸೂಕ್ಷ್ಮಜೀವಿಗಳು ಕರುಳಿನ ಕೆಟ್ಟ ಸೂಕ್ಷ್ಮಜೀವಿಗಳನ್ನು ಅಡಗಿಸಿ ಮುಪ್ಪನ್ನು ದೂರವಿಡುತ್ತವೆಂದು ಮುಂದೆ ಸಾರಿದವರು ಇವರೇ. ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮ್ಮವರಿಗೆ ಈ ಮಾತು ಹಿತವಾಗಿಯೇ ಕೇಳುತ್ತದೆ. ಆದರೆ ಮೊಸರಿನಿಂದ ಆಯುಷ್ಯ ಹೆಚ್ಚುವುದೆಂಬುದು ಇಂದಿಗೂ ಸಿದ್ಧಪಟ್ಟಿಲ್ಲ. ಮೆಚ್ನಿಕಾಫರು ಕಾಲರಾ ರೋಗಾಣುಗಳನ್ನೇ ಕುಡಿದು ನೋಡಿದರು. ಅವರಿಗೆ ಏನೂ ಆಗಲಿಲ್ಲ. ಅವರಂತೆಯೇ ಕುಡಿದ ಇನ್ನೊಬ್ಬನು ಸಾವಿನ ಬಾಗಿಲಿಗೆ ಹೋಗಿ ಬಂದನು. ಕರುಳಿನಲ್ಲಿ ಮೊದಲೇ ನೆಲೆಸಿರುವ ಸೂಕ್ಷ್ಮಜೀವಿಗಳು ಈ ಭೇದಕ್ಕೆ ಕಾರಣವಿರಬಹುದೆಂದು ಅವರು ಊಹಿಸಿದರು.

ಹಾಫ್ಕಿನ್ ಅವರು ಗುರುಗಳನ್ನು ಹಿಂಬಾಲಿಸಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಮೊದಲು ದೊರೆತದ್ದು ಗ್ರಂಥಾಲಯದ ಸಣ್ಣ ಕೆಲಸ. ಬಿಡುವಿನ ವೇಳೆಯಲ್ಲಿ ಅವರು ಪ್ರಯೋಗಗಳನ್ನು ನಡೆಸುತ್ತಿದ್ದರು. ಕಾಲರಾದ ರೋಗಾಣು ಮಲದಿಂದ ಕೆಟ್ಟ ನೀರಿನೊಡನೆ ಹೊಟ್ಟೆಯನ್ನು ಸೇರಿ, ಸಣ್ಣ ಕರುಳಿಗೆ ಅಂಟಿಕೊಂಡು ವಿಷವನ್ನು ಸ್ರವಿಸುತ್ತದೆ. ಆಗ ಶರೀರದ ನೀರೆಲ್ಲ ವಾಂತಿಭೇದಿಯಾಗಿ ಹೊರಹೋಗಿ, ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಇಲ್ಲವಾಗಬಹುದು. ಉಪ್ಪುಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ರೋಗಿಯನ್ನು ಉಳಿಸುವ ಈಗಿನ ಉಪಾಯ ಅಂದು ಬಳಕೆಯಲ್ಲಿರಲಿಲ್ಲ. ಹಾಫ್ಕಿನ್ ಅವರು ಈ ರೋಗಾಣುವಿನಿಂದಲೇ ಲಸಿಕೆಯನ್ನು ಸಿದ್ಧಪಡಿಸಿ, 1892ರ ಜುಲೈ 18ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು.

1893ರಲ್ಲಿ ಅವರು ಭಾರತಕ್ಕೆ ಬಂದರು. ಕಲಕತ್ತೆಯ ಬಡಜನರ ಬಸ್ತಿಗಳಲ್ಲಿ ಸ್ನಾನಕ್ಕೂ ಕುಡಿಯುವುದಕ್ಕೂ ಒಂದೇ ಕೆರೆ. ಅಂತಹ ಕೆರೆಯ ನೀರಿನಲ್ಲಿಯೇ ಕಾಖ್ ಎಂಬ ಜರ್ಮನ್ ವಿಜ್ಞಾನಿ 1884ರಲ್ಲಿ ಕಾಲರಾ ರೋಗಾಣುವನ್ನು ಕಂಡಿದ್ದನು. 1894ರಲ್ಲಿ ಎರಡು ಕೆರೆಗಳ ಸುತ್ತಲಿನ ಒಂದು ಬಸ್ತಿಯಲ್ಲಿ ಕಾಲರಾ ತಲೆದೋರಿದಾಗ, ಸುಮಾರು 200 ಜನರಲ್ಲಿ 116 ಮಂದಿ ಲಸಿಕೆ ಹಾಕಿಸಿಕೊಂಡರು. ತರುವಾಯ ಹತ್ತು ಮಂದಿಗೆ ರೋಗ ತಗಲಿ ಏಳು ಮಂದಿ ಸತ್ತರು. ಅವರಲ್ಲಿ ಲಸಿಕೆ ಪಡೆದವರು ಒಬ್ಬರೂ ಇರಲಿಲ್ಲ. ಲಸಿಕೆಯಿಂದ ಕೆರೆಯ ನೀರೇನೂ ಶುದ್ಧವಾಗಲಿಲ್ಲ. ಆ ಕೆಲಸ ಪೌರಸಭೆಗಳದಾಗಿತ್ತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಬಾಂದ್ರಾದ ಹಳೆಯ ಬೀದಿಗಳಲ್ಲಿ ಕಾಣುವ ಶಿಲುಬೆಗಳಲ್ಲಿ ಹಲವು ಆ ಭೀತಿಯ ದಿನಗಳಲ್ಲಿ ನೆಟ್ಟವು. ಗ್ರಾಂಟ್ ವೈದ್ಯ ಕಾಲೇಜಿನಲ್ಲಿ ಮೂರೇ ತಿಂಗಳಲ್ಲಿ ಹಾಫ್ಕಿನ್ ಅವರು ಪ್ಲೇಗಿನ ಲಸಿಕೆಯನ್ನು ತಯಾರಿಸಿ, ಅದನ್ನೂ 1897ರ ಜನವರಿ 10ರಂದು ತಮ್ಮ ಮೇಲೆಯೇ ಪರೀಕ್ಷಿಸಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನರು ಇದನ್ನು ಹಾಕಿಸಿಕೊಂಡರು.

ಆಮೇಲೆ ಬಂದಿತು ಅಪವಾದ. 1902ರಲ್ಲಿ ಪಂಜಾಬದ ಮಲಕ್ವಾಲ್ ಗ್ರಾಮದಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತರಾದರು. ದೋಷವೆಲ್ಲ ಹಾಫ್ಕಿನ್ ಅವರ ಪ್ರಯೋಗಶಾಲೆಯ ಮೇಲೆ ಬಿದ್ದಿತು. ಅವರನ್ನು ಅಧಿಕಾರದಿಂದ ತೆಗೆದರು. ಅವರು ವೈದ್ಯರಲ್ಲ, ಆಂಗ್ಲರೂ ಅಲ್ಲ. ಅವರ ಪರವಾಗಿ ಮಾತನಾಡುವವರು ಅಧಿಕಾರಿವರ್ಗದಲ್ಲಿ ವಿರಳ. ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿದ್ದಿತು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿದ್ದಿತು ಎಂಬುದು ವಿಚಾರಣೆಯಲ್ಲಿ ತಿಳಿದುಬಂದಿತ್ತು. ಆದರೂ ಕಳಂಕ ತೊಳೆಯಲು 1907ರವರೆಗೆ ಕಾಯಬೇಕಾಯಿತು. ಮಲೇರಿಯಾ ಸಂಶೋಧಕ ರೋನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಪತ್ರಿಕೆಯಲ್ಲಿ ಅವರ ಪರವಾಗಿ ವಾದಿಸಿದರು.

ಅವರು ಮತ್ತೆ ಕಲಕತ್ತೆಗೆ ಬಂದರಾದರೂ ಮುಂಬಯಿಯ ಪ್ರಯೋಗಶಾಲೆ ಅವರ ಕೈಗೆ ಮರಳಲಿಲ್ಲ. 1925ರಲ್ಲಿ ಅದಕ್ಕೆ ಅವರ ಹೆಸರನ್ನಿಟ್ಟರು. ಅವಿವಾಹಿತರಾಗಿಯೇ ಉಳಿದ ಹಾಫ್ಕಿನ್ ಅವರು ತಮ್ಮ ಗಳಿಕೆಯನ್ನು ಪೂರ್ವ ಯೂರೋಪಿನ ಯಹೂದಿ ಪಾಠಶಾಲೆಗಳಿಗೆ ಮೀಸಲಿಟ್ಟು, 1930ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕಾಲವಶರಾದರು.